ಕವಳೆ ಹಣ್ಣು, ಜೈತೂನಳ ಬಾಯಿ

ಮೊನ್ನೆ ನನ್ನ ಸೊಸೆ ಸುಧಾ ಒಂದು ಬಿಳಿ ಟಾಪನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಟಾಪಿನ ತುಂಬ ಕೆಂಪು ಚುಕ್ಕೆ.

"ಅತ್ತೆ, ನಿಮ್ಮ ಸೆರಗಿನ ತುದೀಲಿ ಏನ್ ಗಂಟು ಹಾಕಿದ್ರಿ?"

"ಉಪ್ಪು ಖಾರ."

"ಉಪ್ಪು ಖಾರಾನಾ! ಅದನ್ನ ಬಿಚ್ಚದೇನೇ ಮಷೀನಿಗೆ ಹಾಕಿದ್ರಾ?"

"ಮಷೀನಿಗೆ ಹಾಕ್ದೋಳು ನೀನು. ನಾನು ಬಕೆಟ್ಟಲ್ಲಿ ಬಿಟ್ಟಿದ್ದೆ."

ಅವಳು ಟಾಪು ಹಿಡಿದುಕೊಂಡು ಬಾಲ್ಕನಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಸೀನು ಕೇಳಿಸಿತು. ಖಾರ ಚೆನ್ನಾಗಿ ಕುಟ್ಟಿದ್ದೆ ಅಂತ ಸಮಾಧಾನವಾಯಿತು.

ಬೇಸಿಗೆ ಬಂತೆಂದರೆ ನನ್ನ ಸೆರಗಿನಲ್ಲಿ ಈ ಗಂಟು ಇದ್ದೇ ಇರುತ್ತದೆ. ಕಲ್ಲುಪ್ಪು, ಒಣಮೆಣಸಿನಕಾಯಿ, ಎರಡನ್ನೂ ಒರಳಿಗೆ ಹಾಕಿ ಕುಟ್ಟಿದ್ದು. ಬೇರೆ ಹೆಂಗಸರು ಸೆರಗಿಗೆ ಬೀಗದ ಕೈ ಕಟ್ಟುತ್ತಾರೆ. ನನ್ನ ಹತ್ತಿರ ಬೀಗ ಹಾಕಿಡುವಂಥದ್ದು ಏನೂ ಇಲ್ಲ. ಕುರುಚಲು ಕಾಡಿಗೆ ಉಪ್ಪಿಲ್ಲದೆ ಹೋಗಬೇಡ ಅಂತ ನಮ್ಮವ್ವ ಹೇಳುತ್ತಿದ್ದಳು. ಹೂವಿಲ್ಲದೆ ಬಂದರೆ ದೇವರು ಸುಮ್ಮನಿರುತ್ತಾನೆ, ಉಪ್ಪಿಲ್ಲದೆ ಹುಳಿ ಹಣ್ಣಿಗೆ ಬಾಯಿ ಹಾಕಿದರೆ ನಾಲಿಗೆ ಸುಮ್ಮನಿರುವುದಿಲ್ಲ ಅಂತ.

ಯಲಹಂಕದಲ್ಲಿ ಕುರುಚಲು ಕಾಡು ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಇದೆ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಸ್ವಲ್ಪ ಆಚೆ ನಡೆದರೆ, ಯಾರೂ ಇನ್ನೂ ಕಟ್ಟಡ ಎಬ್ಬಿಸದೆ ಬಿಟ್ಟಿರುವ ಒಂದು ಜಾಗ. ಅಣ್ಣತಮ್ಮಂದಿರ ವ್ಯಾಜ್ಯವಂತೆ. ಅವರು ಇನ್ನಷ್ಟು ವರ್ಷ ಕಿತ್ತಾಡಲಿ ಅಂತ ನಾನು ಮುನೇಶ್ವರನಿಗೆ ಕೈ ಮುಗಿಯುತ್ತೇನೆ. ಅವರ ಜಗಳದ ನೆರಳಲ್ಲಿ ಹೊಂಗೆ ಬೆಳೆದಿದೆ, ಎಕ್ಕ ಬೆಳೆದಿದೆ, ಲಂಟಾನ ಬೇಲಿಯ ಹಾಗೆ ಹಬ್ಬಿದೆ, ಕವಳೆ ಗಿಡ ಮುಳ್ಳು ಬಿಟ್ಟುಕೊಂಡು ಕೂತಿದೆ. ಅದರ ಈಚೆಗೆ ನಮ್ಮ ರಾಗಿ ಹೊಲವಿತ್ತು. ಈಗ ಅಲ್ಲಿ ಹದಿನಾರು ಮಹಡಿ. ಅದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ. ಮಾರಿದವರು ನಾವೇ. ಕಳೆ ಕೀಳುವಾಗ ನನ್ನ ಸೊಂಟ ಆ ಹೊಲಕ್ಕೆ ಎಷ್ಟು ಶಾಪ ಹಾಕಿದೆ ಅಂತ ನನಗೆ ಗೊತ್ತು.

ಬೆಳಿಗ್ಗೆ ಕೆರೆ ಕಡೆ ಬಹಳ ಜನ ನಡೆಯುತ್ತಾರೆ. ಬೂಟು, ಟೋಪಿ, ಕಿವಿಯಲ್ಲಿ ಬತ್ತಿ. ಒಂದು ದಿನ ನಮ್ಮ ಬಿಲ್ಡಿಂಗಿನ ಹೆಂಗಸೊಬ್ಬಳು ನನ್ನ ಪಕ್ಕಕ್ಕೆ ಬಂದು, "ಆಂಟಿ, ನೀವು ದಿನಾ ಎಷ್ಟು ರೌಂಡ್ ಹೊಡೀತೀರಾ?" ಅಂದಳು.

"ರೌಂಡ್ ಹೊಡೆಯಕ್ಕೆ ನಾನೇನು ಗಾಣದ ಎತ್ತಾ?" ಅಂದೆ.

ಪಾಪ, ಅವಳಿಗೆ ಬೇಜಾರಾಯಿತೇನೋ. ನನ್ನ ಬಾಯಿಯೇ ಹಾಗೆ, ಒಳ್ಳೆಯ ಮಾತಾಡಲು ಹೋದರೂ ಮುಳ್ಳು ಬರುತ್ತದೆ. ನಾನು ಹೇಳಬೇಕೆಂದಿದ್ದದ್ದು, ನನ್ನದು ನಡಿಗೆಯೇ ಅಲ್ಲ ಅಂತ. ಹತ್ತು ಹೆಜ್ಜೆ ಹಾಕುತ್ತೇನೆ, ಬಗ್ಗುತ್ತೇನೆ. ನೆಲಕ್ಕಂಟಿದ ವಿಷ್ಣುಕ್ರಾಂತಿ ಹೂವು ಕಣ್ಣಿಗೆ ಬೀಳುತ್ತದೆ, ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದು, ಆದರೆ ಅಷ್ಟು ನೀಲಿ ಆಕಾಶದಲ್ಲೂ ಇರುವುದಿಲ್ಲ. ಅದನ್ನು ನೋಡುತ್ತ ನಿಂತರೆ ಪಕ್ಕದಲ್ಲಿ ನೆಗ್ಗಿಲು ಮುಳ್ಳಿನ ಹಳದಿ ಹೂವು. ಇಷ್ಟು ಕೆಟ್ಟ ಮುಳ್ಳು ಕೊಡುವ ಗಿಡಕ್ಕೆ ಇಷ್ಟು ಮೆತ್ತನೆಯ ಹೂವು ಯಾಕೆ ಅಂತ ಯೋಚಿಸುತ್ತ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬಿಸಿಲು ಏರುತ್ತದೆ. ಹೊಂಗೆಯ ಕೆಳಗೆ ಬಿದ್ದ ಹೂವಿನ ಮೇಲೆ ಕೂತರೆ ಜೇನುಹುಳುಗಳ ಗುಂಯ್ ಅನ್ನುವ ಸದ್ದು ತಲೆಯ ಒಳಗೇ ಕೇಳಿಸಿದ ಹಾಗಾಗುತ್ತದೆ. ಆ ಹೊತ್ತಿನಲ್ಲಿ ನಾನು ಎಚ್ಚರವಾಗಿದ್ದೇನೋ, ಮಲಗಿದ್ದೇನೋ, ಮುದುಕಿಯೋ, ಲಂಗ ಹಾಕಿದ ಹುಡುಗಿಯೋ, ಒಂದೂ ಸರಿಯಾಗಿ ತಿಳಿಯುವುದಿಲ್ಲ. ತಿಳಿಯಬೇಕು ಅಂತಲೂ ಅನ್ನಿಸುವುದಿಲ್ಲ.

ಲಂಗದ ಕಾಲದಲ್ಲಿ ನನ್ನ ಜೊತೆ ಇದ್ದವಳು ಜೈತೂನ್. ನನಗೆ ಅವಳು ಜೈತೂ, ಅವಳಿಗೆ ನಾನು ಪಿಳ್ಳಿ. ಅವಳ ಅಪ್ಪ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಯಲಹಂಕ ಹಳೇ ಊರಿನಿಂದ ತಿದಿ ಹೊತ್ತುಕೊಂಡು ನಮ್ಮ ಹಳ್ಳಿಗೆ ಬಂದು, ಹುಣಸೆ ಮರದ ಕೆಳಗೆ ಒಲೆ ಹೂಡುತ್ತಿದ್ದ. ಅಪ್ಪ ಪಾತ್ರೆ ಬೆಳಗುವಷ್ಟು ಹೊತ್ತು ಮಗಳು ನಮ್ಮ ಪಾಲಿಗೆ. ನಾವು ಆಡು ಹೊಡೆದುಕೊಂಡು ಕುರುಚಲಿಗೆ ಹೋಗುತ್ತಿದ್ದೆವು. ಲಂಟಾನದ ಹೂವನ್ನು ಒಂದೊಂದೇ ಬಿಡಿಸಿ, ಒಂದರ ಕೊಳವೆಯಲ್ಲಿ ಇನ್ನೊಂದನ್ನು ತೂರಿಸಿ ಬಳೆ ಮಾಡುತ್ತಿದ್ದೆವು. ಈಚಲು ಹಣ್ಣಿಗೆ ಕಲ್ಲು ಬೀರುತ್ತಿದ್ದೆವು. ಚಿಟ್ಟೆ ಹಿಡಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಕುರುಡಾಗುತ್ತಾರೆ ಅಂತ ಯಾರೋ ಹೇಳಿದ್ದರು. ಅದಕ್ಕೆ ಚಿಟ್ಟೆ ಹಿಡಿದ ದಿನ ಇಬ್ಬರೂ ಕೈಯನ್ನು ದೂರಕ್ಕೆ ಚಾಚಿಕೊಂಡೇ ಮನೆಗೆ ಬರುತ್ತಿದ್ದೆವು, ದೆವ್ವ ಹಿಡಿದವರ ಹಾಗೆ.

ಆಮೇಲೆ ಅವಳಿಗೂ ಮದುವೆಯಾಯಿತು, ನನಗೂ ಆಯಿತು. ಅವಳು ಹೊಲಿಗೆ ಮಷೀನು ತುಳಿದಳು. ನಾನು ಹೊಲ ಕೆದಕಿದೆ. ನನ್ನ ರವಿಕೆಗಳನ್ನು ಅವಳೇ ಹೊಲಿದಳು, ಪ್ರತಿ ಸಲವೂ ಕಂಕುಳಲ್ಲಿ ಬಿಗಿ. ಈಗ ಅವಳು ಗಂಗಾನಗರದಲ್ಲಿ ಮಗಳು ನಸ್ರೀನಳ ಮನೆಯಲ್ಲಿ ಇದ್ದಾಳೆ. ಆದರೆ ಬೇಸಿಗೆಯಲ್ಲಿ ಕವಳೆ ಹಣ್ಣಾಯಿತು ಅಂದರೆ ಬಸ್ಸು ಹತ್ತಿ ಬಂದುಬಿಡುವಳು. ಉಪ್ಪು ನನ್ನದು, ಎಲೆ ಅಡಿಕೆ ಅವಳದು. ಇಬ್ಬರೂ ಕುರುಚಲು ಹೊಕ್ಕರೆ ಹೊತ್ತು ನೆತ್ತಿಗೆ ಬರುವವರೆಗೆ ಹೊರಗೆ ಬರುತ್ತಿರಲಿಲ್ಲ.

ಈ ಸಲ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಹೋಯಿತು. ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಮೊದಲು ನಾವು ನಗಾಡಿದೆವು. ಒಳ್ಳೇದಾಯಿತು ಬಿಡೇ, ಇನ್ನು ನಿನ್ನ ಅಡುಗೆ ನೀನೇ ತಿನ್ನಬಹುದು ಅಂತ ನಾನು ಅಂದೆ. ಆದರೆ ತಿಂಗಳು ಕಳೆದರೂ ರುಚಿ ತಿರುಗಿ ಬರಲಿಲ್ಲ. ಅವಳು ಊಟ ಬಿಟ್ಟಳು. ಬಿಡಬೇಕು ಅಂತ ಬಿಟ್ಟದ್ದಲ್ಲ. ಬಾಯಿಗೆ ಇಟ್ಟರೆ ಹತ್ತಿ ಅಗಿದ ಹಾಗಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವಳು. ಬಿರಿಯಾನಿ ಹತ್ತಿ, ಬಾಳೆಹಣ್ಣು ಒದ್ದೆ ಹತ್ತಿ. ಟೀ ಅಂದರೆ ಬಿಸಿ. ಬಿಸಿ ಅಷ್ಟೇ.

ನಾನು ಡಬ್ಬಿ ಕಟ್ಟಿಕೊಂಡು ಹೋಗಿ ಬಂದೆ. ಹುರುಳಿ ಸಾರು, ಅವರೆಕಾಳು, ಉಪ್ಪಿನಕಾಯಿ. ಒಂದು ತುತ್ತು ತಿಂದು ತಟ್ಟೆ ಸರಿಸುವಳು. ಪ್ರತಿ ಸಲ ಹೋದಾಗಲೂ ಅವಳ ಕುಪ್ಪಸ ಇನ್ನಷ್ಟು ಸಡಿಲವಾಗಿರುತ್ತಿತ್ತು. ಕೆನ್ನೆ ಒಳಕ್ಕೆ ಹೋಗಿ ಹಲ್ಲೇ ಮುಂದೆ ಬಂದವು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ಕೊಳವೆ ಇಟ್ಟು ಊಟ ಕೊಡಬೇಕಾಗುತ್ತದೆ ಅಂತ ಡಾಕ್ಟರು ಹೇಳಿದರಂತೆ. ಅಡುಗೆಮನೆಯಲ್ಲಿ ನಿಂತು ನಸ್ರೀನ್ ಇದನ್ನು ಹೇಳಿ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಉಳಿದಿದ್ದ ಪಾತ್ರೆ ತೊಳೆದಿಟ್ಟು ಬಂದೆ.

ಭರಣಿ ಮಳೆ ಒಂದು ಹದ ಬಿತ್ತು. ಮಾರನೆಯ ದಿನ ಕುರುಚಲಿಗೆ ಹೋಗಿ ನೋಡಿದರೆ ಕವಳೆ ಕಪ್ಪಗಾಗಿ ನಿಂತಿದೆ. ನಾನು ಒಂದೂ ಕೀಳಲಿಲ್ಲ. ಸೀದಾ ಗಂಗಾನಗರಕ್ಕೆ ಹೋದೆ.

"ಏಳೇ ಜೈತೂ. ಕವಳೆ ಅಣ್ಣಾಗೈತೆ."

ಜೈತೂನ್ ಗೋಡೆ ಕಡೆ ತಿರುಗಿದಳು. "ನಕ್ಕೋ ಪಿಳ್ಳಿ, ಬ್ಯಾಡ. ನಂಗೆ ಕವಳೇನೂ ಒಂದೇ, ಗೋಲೀನೂ ಒಂದೇ."

"ನಿಂಗೆ ತಿನ್ನು ಅಂದೋರ್ಯಾರು? ನಂಗೆ ಜೊತೆ ಬೇಕು. ಒಬ್ಬಳೇ ಓದ್ರೆ ಆವು ಗೀವು ಕಚ್ಚಿದ್ರೆ ಯಾರು ಕೂಗೋರು?"

"ನಾನ್ ಕೂಗಿದ್ರೆ ಯಾರಿಗೆ ಕೇಳುತ್ತೆ ಈಗ?"

ನಸ್ರೀನ್ ಬಾಗಿಲಿಗೆ ಅಡ್ಡ ನಿಂತಳು. ಅವಳು ನನ್ನನ್ನು ಖಾಲಾ ಅನ್ನುತ್ತಾಳೆ, ಚಿಕ್ಕಮ್ಮ ಅಂತ. "ಅಮ್ಮೀಗೆ ನಿಂತ್ಕೊಳ್ಳಕ್ಕೇ ತ್ರಾಣ ಇಲ್ಲ ಖಾಲಾ. ಬಿಸಿಲಲ್ಲಿ ಎಲ್ಲಿಗ್ ಕರ್ಕೊಂಡ್ ಹೋಗ್ತೀರಾ? ಏನಾದ್ರೂ ಆದ್ರೆ?"

"ಆದ್ರೆ ಆಗ್ಲಿ ಬಿಡು. ಕೂತ್ಕಂಡು ಸಾಯೋ ಬದಲು ನಡ್ಕಂಡು ಸಾಯ್ಲಿ."

ನಸ್ರೀನಳ ಮುಖ ಸಣ್ಣದಾಯಿತು. ಆದರೆ ಹಾಸಿಗೆಯ ಮೇಲಿಂದ ಕುರ್ ಕುರ್ ಅಂತ ಸದ್ದು ಬಂತು. ಜೈತೂನ್ ನಗುತ್ತಿದ್ದಳು. "ನೋಡ್ದೆಯಾ ನಿನ್ ಖಾಲಾನ," ಅಂದಳು. "ನಂಗೆ ಕಫನ್ ಬಟ್ಟೆ ಹೊಲಿಸ್ಕೊಂಡೇ ಬಂದಿರ್ಬೇಕು. ನನ್ ಚಪ್ಪಲಿ ಕೊಡು."

ಆಟೋದಲ್ಲಿ ಹೆಬ್ಬಾಳದ ಫ್ಲೈಓವರ್ ದಾಟುವಾಗ ಅವಳು ನನ್ನ ತೋಳು ಹಿಡಿದುಕೊಂಡಿದ್ದಳು. ಹಿಡಿತವೇ ಇಲ್ಲ, ಕೋಳಿಮರಿ ಕೂತ ಹಾಗೆ. ನಾನು ರಸ್ತೆ ನೋಡಿದೆ. ಏನಾದರೂ ಆದರೆ ಅಂತ ಅವಳ ಮಗಳು ಅಂದದ್ದು ಫ್ಲೈಓವರ್ ಇಳಿದರೂ ಕಿವಿಯಿಂದ ಇಳಿಯಲಿಲ್ಲ.

ಕುರುಚಲಿನ ಬಾಯಲ್ಲಿ ಇಳಿದೆವು. ಮಳೆ ಬಿದ್ದ ಮಾರನೆಯ ದಿನ ಅಲ್ಲಿಯ ಗಾಳಿಯೇ ಬೇರೆ. ತೊಳೆದ ಎಲೆ, ಒದ್ದೆ ಮಣ್ಣು, ಲಂಟಾನದ ಘಾಟು, ಕೊಳೆತ ಹೊಂಗೆ ಹೂವಿನ ಸಿಹಿ. ನಾನು ಉಸಿರು ಎಳೆದು ಅವಳ ಮುಖ ನೋಡಿದೆ. ಅವಳೂ ಎಳೆದಳು. ತಲೆ ಅಲ್ಲಾಡಿಸಿದಳು. "ಏನಿಲ್ಲ ಕಣೇ. ಗಾಳಿ ತಣ್ಣಗಿದೆ, ಅಷ್ಟೇ."

ನಡೆದೆವು ಅನ್ನುವುದಕ್ಕಿಂತ ಕೂತೆವು ಅನ್ನಬೇಕು. ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ. ಕಾಲುದಾರಿಯ ತಗ್ಗಿನಲ್ಲಿ ಮಳೆ ನೀರು ಇಂಗಿ ಕೆಸರು ಮಿಕ್ಕಿತ್ತು. ಅದರ ಮೇಲೆ ಹಳದಿ ಚಿಟ್ಟೆಗಳು ರೆಕ್ಕೆ ಮಡಿಸಿಕೊಂಡು ಒತ್ತೊತ್ತಾಗಿ ಕೂತಿದ್ದವು. ಯಾರೋ ಅರಿಶಿನದ ಕೊಂಬು ಕತ್ತರಿಸಿ ಚೆಲ್ಲಿದ ಹಾಗೆ. ಕ್ಯಾಮೆರಾ ಹಿಡಿದ ಒಬ್ಬಳು ಹುಡುಗಿ ಕೆಸರಲ್ಲಿ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದಳು. ನಮ್ಮನ್ನು ನೋಡಿ, "ಅಜ್ಜಿ, ನಿಮ್ಮ ಕಡೆ ಈ ಚಿಟ್ಟೆಗೆ ಏನಂತಾರೆ?" ಅಂದಳು.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನೋಡಿದ್ದೇನೆ. ನನಗೆ ಗೊತ್ತಿರುವುದು ಎರಡೇ ಜಾತಿ: ಹಳದಿ ಚಿಟ್ಟೆ, ಹಳದಿಯಲ್ಲದ ಚಿಟ್ಟೆ. "ಅಳದಿ ಚಿಟ್ಟೆ ಅಂತೀವಿ ಕಣವ್ವ" ಅಂದೆ. ಅವಳು ಅದಕ್ಕೊಂದು ಉದ್ದನೆಯ ಹೆಸರು ಹೇಳಿದಳು. ಕಕ್ಕೆ ಎಲೆ ತಿಂದು ಹುಳುವಾಗಿ ಬೆಳೆಯುತ್ತದಂತೆ, ಆಮೇಲೆ ರೆಕ್ಕೆ ಬರುತ್ತದಂತೆ. ಚೆನ್ನಾಗಿ ಹೇಳಿದಳು. ಹೆಸರು ಮಾತ್ರ ನಾನು ಅಲ್ಲೇ ಮರೆತೆ.

"ಕೆಸರಲ್ಲಿ ಏನ್ ತಿಂತವಮ್ಮ ಇವು?" ಜೈತೂನ್ ಕೇಳಿದಳು.

"ಉಪ್ಪು ಹೀರ್ತವೆ ಅಜ್ಜಿ. ಮಣ್ಣಲ್ಲಿರೋ ಉಪ್ಪು."

ಜೈತೂನ್ ಬಹಳ ಹೊತ್ತು ಅವನ್ನೇ ನೋಡುತ್ತ ಕೂತಳು. ನಾನೂ ಕೂತೆ. ಹುಡುಗಿ ಯಾವಾಗ ಎದ್ದು ಹೋದಳೋ ಗೊತ್ತಾಗಲಿಲ್ಲ. ಗಾಳಿ ಬೀಸಿದಾಗ ಚಿಟ್ಟೆಗಳೆಲ್ಲ ಒಂದೇ ಸಲ ಎದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿದವು. ಒಂದು ಮಾತ್ರ ಜೈತೂನಳ ಮಂಡಿಯ ಮೇಲೆ ಇಳಿಯಿತು. ಅವಳು ಅಲುಗಾಡಲಿಲ್ಲ. ಎಲ್ಲೋ ಮೇಲೆ ವಿಮಾನ ಹೋಯಿತು, ಅದರ ಸದ್ದು ಬಹಳ ದೂರದಿಂದ, ನಿದ್ದೆಯಲ್ಲಿ ಕೇಳುವ ಗಿರಣಿಯ ಸದ್ದಿನ ಹಾಗೆ ಬಂದು ಹೋಯಿತು. ಬಿಸಿಲು ಎಲೆಗಳ ನಡುವಿನಿಂದ ತೂರಿ ಅವಳ ಬಿಳಿ ಕೂದಲ ಮೇಲೆ ಬಿದ್ದಿತ್ತು. ನನಗೆ ಕಣ್ಣು ಎಳೆಯಿತು. ಈಗ ಎದ್ದರೆ ಹುಣಸೆ ಮರದ ಕಡೆಯಿಂದ ಕಲಾಯಿಯ ನವಸಾಗರದ ಹೊಗೆ ಬರುತ್ತದೆ, ಅವಳ ಅಪ್ಪ ಕೂಗುತ್ತಾನೆ, ನಮ್ಮ ಆಡುಗಳು ಯಾರದೋ ಹೊಲಕ್ಕೆ ನುಗ್ಗಿರುತ್ತವೆ ಅನ್ನಿಸಿತು. ನಿಜವಾಗಿಯೂ ಆಡು ಎಲ್ಲಿ ಅಂತ ತಿರುಗಿ ನೋಡಿದೆ.

"ಏನೇ ಹುಡುಕ್ತಿದೀಯ?"

"ಆಡು."

"ಹುಚ್ಚಿ!" ಅಂದಳು. "ನಡಿ, ನಿನ್ ಕವಳೆ ಎಲ್ಲಿ ತೋರ್ಸು."

ಕವಳೆ ಗಿಡ ನಮ್ಮ ಎದೆಯಷ್ಟು ಎತ್ತರ. ಮುಳ್ಳು ಜೋಡಿಜೋಡಿ. ಹಣ್ಣು ಕೈಗೆ ಸಿಗಬೇಕಾದರೆ ಎರಡು ಗೀರು ಬೀಳಲೇಬೇಕು. ನಾನು ಒಂದು ಹಿಡಿ ಕಿತ್ತು ಸೆರಗಿಗೆ ಹಾಕಿಕೊಂಡೆ, ಗಂಟು ಬಿಚ್ಚಿ ಉಪ್ಪುಖಾರ ಹಚ್ಚಿದೆ. ಒಂದನ್ನು ಅವಳ ಬಾಯಿಗೆ ಇಟ್ಟೆ. ಅವಳು ಅಗಿದಳು. ನಾನು ಅವಳ ಹುಬ್ಬು ನೋಡುತ್ತಿದ್ದೆ. ಕವಳೆ ತಿಂದವರ ಹುಬ್ಬು ಎಲ್ಲಿದ್ದರೂ ಎದ್ದು ನಿಲ್ಲಬೇಕು. ಅವಳದು ಏಳಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. ಹಣ್ಣನ್ನು ಅಂಗೈಗೆ ಉಗಿದಳು.

"ಹತ್ತಿ" ಅಂದಳು.

ಇದೊಂದು ಉಳಿದಿತ್ತು, ಇಷ್ಟು ಹುಳಿ ಯಾರನ್ನಾದರೂ ಎಬ್ಬಿಸುತ್ತದೆ ಅಂತ ಒಳಗೊಳಗೇ ನಂಬಿದ್ದೆ. ಇಬ್ಬರೂ ಗಿಡದ ಬುಡದಲ್ಲಿ ಕೂತೆವು. ಸೆರಗಿನಲ್ಲಿದ್ದ ಒಂದು ಹಣ್ಣನ್ನು ನಾನು ಸುಮ್ಮನೆ ಬೆರಳಲ್ಲಿ ಉರುಳಿಸುತ್ತಿದ್ದೆ. ಬಾಯಿಂದ ತಾನಾಗಿ ಬಂತು:

"ಉಂಜನೋ ಯಾಟೆನೋ?"

ಇದು ನಮ್ಮ ಹಳೆಯ ಆಟ. ಕವಳೆ ಹಣ್ಣು ಹೊರಗೆಲ್ಲ ಕಪ್ಪು. ಕಚ್ಚಿದಾಗ ಒಳಗೆ ಕೆಂಪಾಗಿದ್ದರೆ ಹುಂಜ, ಬಿಳಿಚಿಕೊಂಡಿದ್ದರೆ ಹೇಂಟೆ. ಕಚ್ಚುವ ಮೊದಲೇ ಹೇಳಬೇಕು. ಹೇಳಿದವರೇ ಕಚ್ಚಬೇಕು, ಕಚ್ಚಿದ್ದನ್ನು ನುಂಗಬೇಕು. ಉಗಿದರೆ ಸೋತ ಹಾಗೆ. ನಾನು ಉಪಾಯ ಹೂಡಿದೆ ಅಂದುಕೊಳ್ಳಬೇಡಿ. ಅಷ್ಟು ತಲೆ ನನಗಿಲ್ಲ. ಬೇಜಾರಿಗೆ ಬಂದ ಮಾತು.

ಜೈತೂನ್ ಹಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. ತೊಟ್ಟಿನ ಹತ್ತಿರ ಉಗುರಿಂದ ತಟ್ಟಿದಳು. "ಉಂಜ" ಅಂದಳು. ಕಚ್ಚಿದಳು. ಒಳಗೆ ಕೆಂಪು, ರಕ್ತದ ಹಾಗೆ.

"ನುಂಗು" ಅಂದೆ.

"ಗೊತ್ತು ಕಣೇ, ನಂಗೇ ಹೇಳ್ಕೊಡ್ತಾಳೆ." ನುಂಗಿದಳು. "ಈಗ ನೀನು."

ನಾನು ಹೇಂಟೆ ಅಂದೆ. ಹುಂಜ ಬಂತು. ಸಣ್ಣವಳಿದ್ದಾಗಲೂ ನಾನು ಹೇಳಿದ್ದು ಒಂದೂ ಸರಿಯಾಗುತ್ತಿರಲಿಲ್ಲ, ಅವಳು ಹೇಳಿದ್ದು ತಪ್ಪುತ್ತಿರಲಿಲ್ಲ. ಅದೇನು ನೋಡಿ ಹೇಳುತ್ತಾಳೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. "ಉಂಜ!" ಅಂದಳು. ಹುಂಜ. "ಯಾಟೆ!" ಹೇಂಟೆ. ಸೋತು ಸೋತು ನನಗೆ ನಿಜವಾಗಿಯೂ ಸಿಟ್ಟು ಬಂತು. ಗೆದ್ದು ಗೆದ್ದು ಅವಳ ಬಾಯಿ ನೇರಳೆ ಬಣ್ಣಕ್ಕೆ ತಿರುಗಿತು. ಹಣ್ಣಿನ ಹಾಲು ಮೆತ್ತಿಕೊಂಡು ತುಟಿ ಅಂಟಂಟಾಯಿತು. ನಾನು ಎದ್ದು ಮತ್ತೊಂದು ಹಿಡಿ ಕಿತ್ತು ತಂದೆ. ಆಗಲೇ ಹೊಳೆದದ್ದು, ಇವಳು ಇಷ್ಟು ಹೊತ್ತೂ ನುಂಗುತ್ತಲೇ ಇದ್ದಾಳೆ ಅಂತ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನಿಲ್ಲಿಸಿಬಿಟ್ಟಾಳು ಅಂತ ಭಯ.

ಒಂದು ಹಣ್ಣನ್ನು ಅಗಿಯುತ್ತ ಅವಳು ತಟ್ಟನೆ ಕೇಳಿದಳು. "ಎಂಗೈತೆ ಹೇಳೇ."

"ಏನು?"

"ರುಚಿ. ನಿಂಗೆ ಗೊತ್ತಾಗುತ್ತಲ್ಲ. ಹೇಳು."

"ಉಳಿ."

"ಉಳಿ ಅಂತ ನಂಗೂ ಗೊತ್ತು. ಎಂಥ ಉಳಿ?"

ಹುಳಿ ಅಂದರೆ ಹುಳಿ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ಮಾತನ್ನು ಕಲ್ಲಿನ ಹಾಗೆ ಎಸೆದೇ ಅಭ್ಯಾಸ. ಅವಳು ಕಾಯುತ್ತಿದ್ದಳು. ನಾನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ.

"ಉಣಸೆ ಉಳಿ ಅಲ್ಲಿಗೆ ಒಡೀತದೆ" ಅಂದೆ, ಹಲ್ಲನ್ನು ಮುಟ್ಟಿ ತೋರಿಸಿದೆ. "ಇದು ಅಂಗಲ್ಲ. ಕೆನ್ನೆ ಒಳಗೆ ಓಗ್ತದೆ. ದವಡೆ ಮೂಲೇಲಿ ಕೂತ್ಕಂಡು ಬಟ್ಟೆ ಇಂಡ್ದಂಗೆ ಇಂಡ್ತದೆ."

"ಆಮೇಲೆ?"

"ಆಮೇಲೆ ಸ್ವಲ್ಪ ಒಗರು. ನಾಲಿಗೆ ಮೇಲೆ ಬೂದಿ ಉದುರಿಸ್ದಂಗೆ."

"ಸಿಹಿ ಇಲ್ವಾ?"

ಮತ್ತೆ ಕಣ್ಣು ಮುಚ್ಚಿ ಹುಡುಕಿದೆ. ಇತ್ತು. "ಐತೆ. ಕೊನೇಲಿ. ಒಸಾ ಮದುವೆ ಎಣ್ಣು ಒಸ್ತಿಲಲ್ಲಿ ನಿಂತಂಗೆ. ಒಳಗೆ ಬರ್ಲೋ ಬ್ಯಾಡ್ವೋ ಅಂತ."

ಜೈತೂನ್ ತಲೆಯಾಡಿಸುತ್ತ ಅಗಿದಳು, ಪಾಠ ಕೇಳುವವಳ ಹಾಗೆ. ನುಂಗಿದಳು. "ಹೌದು, ಅಂಗೇ ಇತ್ತು" ಅಂದಳು. "ಇನ್ನೊಂದ್ ಸಲ ಹೇಳು." ಮತ್ತೊಂದು ಬಾಯಿಗೆ ಹಾಕಿಕೊಂಡಳು.

ಹೊತ್ತು ಎಷ್ಟಾಯಿತೋ. ನೆರಳು ನಮ್ಮನ್ನು ಬಿಟ್ಟು ಆಚೆಗೆ ಸರಿದಿತ್ತು. ನಾನು ಹೇಳುತ್ತ ಹೋದೆ, ಅವಳು ತಿನ್ನುತ್ತ ಹೋದಳು. ಲಂಟಾನದ ಕಪ್ಪು ಹಣ್ಣು ಹೇಗೆ ಬರಿ ಬೆಲ್ಲದ ನೀರು, ಅದರ ವಾಸನೆ ಹೇಗೆ ಸೀಮೆಎಣ್ಣೆ ಮುಟ್ಟಿದ ಕೈ ಅಂತ. ಹೊಂಗೆ ಹೂವಿನ ವಾಸನೆ ಯಾರೋ ಪಕ್ಕದ ಮನೆಯಲ್ಲಿ ತುಪ್ಪ ಕಾಯಿಸಿ ಮರೆತುಹೋದ ಹಾಗೆ ಅಂತ. ಹೇಳುವಾಗ ನನಗೇ ಆಶ್ಚರ್ಯ. ಇಷ್ಟು ಬೇಸಿಗೆ ತಿಂದಿದ್ದೇನೆ, ಇಷ್ಟು ನಿಧಾನವಾಗಿ ಒಂದನ್ನೂ ತಿಂದಿರಲಿಲ್ಲ. ಗುಳುಂ ಅಂತ ನುಂಗಿ ಬೀಜ ಉಗಿದಿದ್ದೆ ಅಷ್ಟೇ.

ಗಂಗಾನಗರಕ್ಕೆ ಬಂದಾಗ ನಸ್ರೀನ್ ಗೇಟಿನಲ್ಲೇ ನಿಂತಿದ್ದಳು. ಅಮ್ಮನ ನೇರಳೆ ಬಾಯಿ ನೋಡಿ ಹೌಹಾರಿದಳು. ಏನಿಲ್ಲ, ಕವಳೆ ಅಂದೆ. "ಬನ್ನಿ, ಕೈ ತೊಳ್ಕೊಳ್ಳಿ" ಅಂತ ಚಾಪೆ ಹಾಸಿದಳು. ಅನ್ನ, ಹುಳಿ ಬೇಳೆ. ಖಟ್ಟಾ ಅನ್ನುತ್ತಾರೆ ಅವರು. ನನ್ನ ತಟ್ಟೆಗೆ ತುಂಬ ಬಡಿಸಿದಳು. ಅಮ್ಮನ ತಟ್ಟೆಗೆ ಎರಡು ಚಮಚ ಹಾಕಿ, ಅದೂ ಉಳಿಯುತ್ತದೆ ಅಂತ ಗೊತ್ತಿದ್ದವಳ ಹಾಗೆ ಸೌಟು ಕೆಳಗಿಟ್ಟಳು.

ನಾನು ಒಂದು ತುತ್ತು ಬಾಯಿಗಿಟ್ಟೆ. ಬೆಳಗಿನಿಂದ ಹೇಳಿ ಹೇಳಿ ಅದೇ ಚಾಳಿಯಾಗಿಬಿಟ್ಟಿತ್ತು. ಜೈತೂನಳ ಕಿವಿಗೆ ಬಗ್ಗಿ, "ಉಪ್ಪೇ ಇಲ್ಲ ಕಣೇ" ಅಂದೆ.

ಜೈತೂನ್ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಗಟ್ಟಿಯಾಗಿ ಅಂದಳು: "ಏಗೇ ನಸ್ರೀನ್, ನಮಕ್ ಡಾಲನಾ ಭೂಲ್ ಗಯೀ ಕ್ಯಾ?" ಉಪ್ಪು ಹಾಕೋದು ಮರೆತೆಯಾ ಅಂತ.

ನಸ್ರೀನ್ ಅಮ್ಮನನ್ನು ನೋಡಿದಳು. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಗೇಟಿನ ಕಡೆ ನೋಡುತ್ತ ಒಗ್ಗರಣೆ ಹಾಕಿದವಳಿಗೆ ಉಪ್ಪು ನೆನಪಿರಲಿಲ್ಲ.

"ಅಮ್ಮೀ" ಅಂದಳು. "ಅಮ್ಮೀ, ನಿಂಗೆ ಗೊತ್ತಾಯ್ತಾ?"

ನಾನು ಬಾಯಿ ತೆರೆದೆ. ನಿಜ ಹೇಳಿಬಿಡುವುದು ನನ್ನ ಜಾಯಮಾನ. ಅಷ್ಟರಲ್ಲಿ ನನ್ನ ತೊಡೆಯ ಮೇಲೆ ಒಂದು ಚಿವುಟು ಬಿತ್ತು. ಬೆಳಿಗ್ಗೆ ಆಟೋದಲ್ಲಿ ತೋಳು ಹಿಡಿಯಲು ಶಕ್ತಿಯಿಲ್ಲದ ಬೆರಳು, ಈಗ ನೀಲಿಗಟ್ಟುವ ಹಾಗೆ ಚಿವುಟಿತು. ನಾನು ಬಾಯಿ ಮುಚ್ಚಿದೆ.

"ಗೊತ್ತಾಗ್ದೆ ಏನು?" ಅಂದಳು ಜೈತೂನ್. "ಉಪ್ಪು ತಾ."

ನಸ್ರೀನ್ ಅಳುತ್ತ ನಗುತ್ತ ಒಳಗೆ ಓಡಿದಳು. ಉಪ್ಪು ತಂದಳು. ಉಪ್ಪಿನಕಾಯಿ ತಂದಳು, ಬೆಳಗಿನ ಕೀಮಾ ಬಿಸಿ ಮಾಡಿ ತಂದಳು, ಅಮ್ಮನ ತಟ್ಟೆಗೆ ಗುಡ್ಡೆಯಾಗಿ ಅನ್ನ ಬಡಿಸಿದಳು. ಎದುರಿಗೆ ಮಂಡಿಯೂರಿ ಕೂತು ಅಮ್ಮನ ಬಾಯನ್ನೇ ನೋಡತೊಡಗಿದಳು. ಜೈತೂನ್ ಆ ಗುಡ್ಡೆ ನೋಡಿದಳು, ನನ್ನನ್ನು ನೋಡಿದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಹೇಳಿದವಳು ಅದನ್ನು ಉಣ್ಣಲೇಬೇಕಲ್ಲ.

ಅವಳು ತುತ್ತು ಕಲಸಿದಳು. ನಸ್ರೀನ್ ನೀರು ತರಲು ತಿರುಗಿದಾಗ, ತುಟಿ ಅಲ್ಲಾಡಿಸದೆ, "ಹೇಳೇ" ಅಂದಳು.

"ಉಣಸೆ ಮುಂದೆ ನಿಂತೈತೆ" ಅಂದೆ ಮೆಲ್ಲಗೆ. "ಬೆಳ್ಳುಳ್ಳಿ ಇಂದೆ ಕೂತೈತೆ, ಸೀದೋಗೈತೆ. ಬೇಳೆ ಮೆತ್ತಗೆ, ಎಲ್ರನ್ನೂ ಮಡ್ಲಲ್ಲಿ ಆಕ್ಕೊಂಡೈತೆ. ನುಂಗು."

ನುಂಗಿದಳು. ಮುಂದಿನ ತುತ್ತು ಕಲಸಿದಳು.